ಹೊಂಬಮ್ಮನ ಸೊಳ್ಳೆಗಳು

ಇದು ನಡೆದದ್ದು ನಿಜ. ಸುಳ್ಳಾಗಿದ್ದರೆ ನಾಳೆಯಿಂದ ನನ್ನ ನಾಲಿಗೆಗೆ ಉಪ್ಪು ಖಾರ ತಿಳಿಯದೆ ಹೋಗಲಿ, ನುಂಗಿದ ಮುದ್ದೆ ಗಂಟಲಲ್ಲೇ ಕೂತುಬಿಡಲಿ. ತೊರೆಸಾಲಿನಲ್ಲಿ ಯಾರನ್ನು ಬೇಕಾದರೂ ಕೇಳಿ. ಅಂಥದ್ದೇನೂ ಆಗಲಿಲ್ಲ ಅಂತ ಅವರು ಅಂದರೆ, ನಾಚಿಕೆಗೆ ಹಾಗಂದರು ಅಂತ ತಿಳಿದುಕೊಂಡು ಮುಂದೆ ಹೋಗಿ.

ತೊರೆಸಾಲು ರೇಷ್ಮೆಯ ಊರು. ಅಲ್ಲಿ ಮನುಷ್ಯರಿಗಿಂತ ಹುಳುವಿಗೆ ಮರ್ಯಾದೆ ಜಾಸ್ತಿ. ಹುಳು ಮನೆಯಲ್ಲಿರುವಷ್ಟು ದಿನ ಊದುಬತ್ತಿ ಹಚ್ಚುವ ಹಾಗಿಲ್ಲ, ಒಗ್ಗರಣೆಯ ಘಾಟು ಏಳುವ ಹಾಗಿಲ್ಲ. ಬೀಡಿ ಸೇದುವವನು ಬೇಲಿಯಾಚೆ ಸೇದಿ, ಬಾಯಿ ಮುಕ್ಕಳಿಸಿ ಒಳಗೆ ಬರಬೇಕು. ಹುಳು ನೋಡಿಕೊಳ್ಳುವ ಹೆಂಗಸು ಪೌಡರು ಬಳಿಯಬಾರದು, ಹೂವು ಮುಡಿಯಬಾರದು, ಘಮಘಮ ಸೋಪು ಮುಟ್ಟಬಾರದು. ಸೊಳ್ಳೆಬತ್ತಿಯಂತೂ ಸಾಕ್ಷಾತ್ ವಿಷ. ಒಂದು ಸುರುಳಿ ಹೊತ್ತಿಸಿದರೆ ತಟ್ಟೆಗಟ್ಟಲೆ ಹುಳು ತಲೆಯೆತ್ತಿ ಒದ್ದಾಡಿ, ಹಸಿರು ಕಕ್ಕಿ ಸಾಯುತ್ತವೆ. ಹಾಗಾಗಿ ಊರಿಗೆ ಊರೇ ಸೊಳ್ಳೆಗೆ ಮೈಯೊಡ್ಡಿ ಬದುಕುತ್ತಿತ್ತು.

ಊರೇ ಅಂದೆನಲ್ಲ, ಅದು ತಪ್ಪು. ಮೈಯೊಡ್ಡುತ್ತಿದ್ದವಳು ಬೋರಲಿಂಗೇಗೌಡನ ಹೆಂಡತಿ ಹೊಂಬಮ್ಮ ಒಬ್ಬಳೇ.

ಹೊಂಬಮ್ಮ ಎಲ್ಲಿ ಕೂತರೆ ಬೀದಿಯ ಸೊಳ್ಳೆಗಳೆಲ್ಲ ಅಲ್ಲಿಗೆ. ಪಕ್ಕದಲ್ಲಿ ಕೂತವರನ್ನು ಅವು ಮೂಸಿಯೂ ನೋಡುತ್ತಿರಲಿಲ್ಲ. ಒಂದು ಸಲ ಅವಳು ತೊರೆಯಲ್ಲಿ ಬಟ್ಟೆ ಒಗೆಯುವಾಗ ಸೊಳ್ಳೆಗಳು ನೆತ್ತಿಯ ಮೇಲೆ ದಟ್ಟೈಸಿ ನೆರಳು ಮಾಡಿದ್ದವು, ಅವಳಿಗೆ ಬಿಸಿಲೇ ತಾಗಲಿಲ್ಲ ಅಂತ ಪಕ್ಕದ ಮನೆಯ ಪುಟ್ಟಗೌರಿ ಈಗಲೂ ಹೇಳುತ್ತಾಳೆ. ಕಚ್ಚಿಸಿಕೊಂಡು ಕಚ್ಚಿಸಿಕೊಂಡು ಅವಳ ತೋಳಿಗೆ ಅದು ರೂಢಿಯಾಗಿ, ದದ್ದು ಏಳುವುದೂ ನಿಂತುಹೋಗಿತ್ತು.

ಇದರಿಂದ ಊರಲ್ಲೊಂದು ಪದ್ಧತಿಯೇ ಬೆಳೆದಿತ್ತು. ಬಳೆ ಶಾಸ್ತ್ರವಿರಲಿ, ನಾಮಕರಣವಿರಲಿ, ಲಗ್ನಪತ್ರಿಕೆ ಬರೆಸುವುದಿರಲಿ, ಚಪ್ಪರ ಎದ್ದರೆ ಮೊದಲ ಕರೆ ಹೊಂಬಮ್ಮನಿಗೆ. ಮಧ್ಯದಲ್ಲಿ ಮಣೆ ಹಾಕಿ ಅವಳನ್ನು ಕೂರಿಸಿ, ಎಲೆಯಡಿಕೆ ತಟ್ಟೆ ಮುಂದಿಟ್ಟು, ಸುತ್ತ ಮಿಕ್ಕವರು ನೆಮ್ಮದಿಯಾಗಿ ಕೂರುತ್ತಿದ್ದರು. "ಹೊಂಬಕ್ಕ, ವಸಿ ಇತ್ಲಾಗೆ ಸರ್ಕೊ, ಇಲ್ಲಿ ಬಾಣಂತಿ ಅವ್ಳೆ" ಅಂದರೆ ಅವಳು ತೋಳಿನ ಸೆರಗು ತೆಗೆದು, ರಾಣಿಯ ಗತ್ತಿನಲ್ಲಿ ಅತ್ತ ಸರಿಯುತ್ತಿದ್ದಳು. ಯಾರ ಮನೆಯ ಗುಟ್ಟೂ ಅವಳಿಗೆ ತಿಳಿಯದೆ ಇರುತ್ತಿರಲಿಲ್ಲ.

ಗಂಡನಂತೂ ಮದುವೆಯಾದಾಗಿನಿಂದ ಬೇರೆ ಚಾಪೆ ಹಾಸಿದವನಲ್ಲ. "ನಿನ್ ಪಕ್ದಲ್ ಮಲಗುದ್ರೆ ಅದೇನ್ ನಿದ್ದೆ ಕಣ್ ಹೊಂಬಿ" ಅನ್ನುತ್ತಿದ್ದ. ಹೊಂಬಮ್ಮ ಅದನ್ನು ಪ್ರೀತಿಯ ಖಾತೆಗೆ ಹಾಕಿಕೊಂಡಿದ್ದಳು.

ಆ ವರ್ಷ ಶಿವರಾತ್ರಿ ಕಳೆದು ಬಿಸಿಲು ಏರತೊಡಗಿತ್ತು. ತೊರೆ ಬತ್ತಿ ಅಲ್ಲಲ್ಲಿ ಗುಂಡಿಯಲ್ಲಿ ನೀರು ನಿಲ್ಲುವ ಕಾಲ, ಸೊಳ್ಳೆಗಳಿಗೆ ಸುಗ್ಗಿ. ಸಂಜೆ ಹೊಂಬಮ್ಮ ಜಗಲಿಯ ಮೇಲೆ ರೂಢಿಯಂತೆ ತೋಳು ಬಿಟ್ಟುಕೊಂಡು ಕೂತಳು. ದೀಪ ಹಚ್ಚುವ ಹೊತ್ತಾಯಿತು. ಒಂದೂ ಬರಲಿಲ್ಲ. ಕಿವಿಯ ಹತ್ತಿರ ಗುಂಯ್ ಅನ್ನುವ ಸದ್ದಿಲ್ಲದೆ ಅವಳಿಗೆ ಕಿವುಡು ಬಂದ ಹಾಗಾಯಿತು. ಎಮ್ಮೆ ಬಾಲ ಬೀಸದೆ ನಿಂತಿತ್ತು. ಎದುರು ಮನೆಯ ಮಗು ತೊಟ್ಟಿಲ ಬಟ್ಟೆ ಹೊದೆಯದೆ ಬೆತ್ತಲೆ ಮಲಗಿತ್ತು.

"ಏನ್ರೀ, ಈ ಸಲ ಸೊಳ್ಳೇನೆ ಇಲ್ವಲ್ರೀ."

"ಗಾಳಿ ಅದೆ ಬಿಡು," ಅಂದ ಬೋರಲಿಂಗೇಗೌಡ, ಅವಳ ಕಡೆ ನೋಡದೆ.

ಗಾಳಿ ಎಲ್ಲಿತ್ತು? ಹೊಂಗೆಯ ಚಿಗುರು ಒಂದೂ ಅಲ್ಲಾಡುತ್ತಿರಲಿಲ್ಲ.

ಮಾರನೆಯ ದಿನವೂ ಇಲ್ಲ, ಅದರ ಮಾರನೆಯ ದಿನವೂ ಇಲ್ಲ. ಊರಿನವರು ಹೊರಗೆ ಮಂಚ ಹಾಕಿಕೊಂಡು ಆಕಾಶ ನೋಡತೊಡಗಿದರು. ಹೊಂಬಮ್ಮನಿಗೆ ಮಾತ್ರ, ಸಾಕಿದ ಕುರಿಗಳು ಹೇಳದೆ ಕೇಳದೆ ಬೇರೆಯವರ ಹಟ್ಟಿ ಸೇರಿಕೊಂಡಷ್ಟು ಬೇಜಾರು. ಇಷ್ಟು ವರ್ಷ ಉಣಿಸಿದ್ದೇನೆ, ಕೈಕೊಟ್ಟು ಹೋದವಲ್ಲ ಅಂತ ಒಳಗೊಳಗೇ ಬೈದುಕೊಂಡಳು. ಅದರ ಮೇಲೆ ಪುಟ್ಟಗೌರಿ ಮಗಳಿಗೆ ಬಳೆ ಶಾಸ್ತ್ರ ಮಾಡಿದಳು, ಹೊಂಬಮ್ಮನಿಗೆ ಕರೆ ಬರಲಿಲ್ಲ. ಗೋಡೆಯ ಮೇಲಿಂದ ಇವಳು ಕೇಳಿಯೇಬಿಟ್ಟಳು.

"ಏನ್ ಗೌರಿ, ಬಳೆ ತೊಡುಸ್ಬುಟ್ಟೆ. ನಾನ್ ಕಣ್ಗೆ ಕಾಣ್ಲಿಲ್ವಾ?"

"ಈಗ ಸೊಳ್ಳೆ ಎಲ್ಲವೆ ಹೊಂಬಕ್ಕ. ನಿಂಗ್ಯಾಕೆ ಸುಮ್ನೆ ತೊಂದ್ರೆ ಅಂತ."

ಅಷ್ಟು ಹೇಳಿ ಪುಟ್ಟಗೌರಿ ಒಳಗೆ ಹೋದಳು. ಎರಡು ಮಾತಿಗೆ ಮುಗಿಸಿ ಒಳಗೆ ಹೋಗುವ ಹೆಂಗಸಲ್ಲ ಅವಳು. ಹೊಂಬಮ್ಮನಿಗೆ ಅದೊಂದು ಮುಳ್ಳು ಚುಚ್ಚಿಕೊಂಡಿತು. ಅದೇ ವಾರ ಬೋರಲಿಂಗೇಗೌಡ "ಒಳ್ಗೆ ಸೆಕೆ" ಅಂತ ತನ್ನ ಚಾಪೆಯನ್ನು ಜಗಲಿಗೆ ಎತ್ತಿಕೊಂಡು ಹೋದ. ಎಂಥೆಂಥಾ ಬೇಸಿಗೆಯಲ್ಲೂ ಅವನಿಗೆ ಸೆಕೆ ಅನ್ನಿಸಿರಲಿಲ್ಲ.

ಇಲ್ಲಿ ಒಂದು ಹಿಂದಿನ ಸಂಗತಿ ಹೇಳಬೇಕು. ಗುಡ್ಡದಾಚೆ ಒಂದು ಸಂಶೋಧನೆಯ ಕೇಂದ್ರವಿತ್ತು. ಊರವರ ಬಾಯಲ್ಲಿ ಅದು ಸೊಳ್ಳೆ ಆಫೀಸು. ಅಲ್ಲಿನ ಡಾಕ್ಟರ್ ನಳಿನಾಕ್ಷಿ ಹೊಂಬಮ್ಮನ ಸುದ್ದಿ ಕೇಳಿ, ಅವರೆಕಾಯಿ ಕಾಲದಲ್ಲಿ ಜೀಪು ಕಳಿಸಿ ಗಂಡಹೆಂಡತಿ ಇಬ್ಬರನ್ನೂ ಕರೆಸಿಕೊಂಡಿದ್ದಳು. ಅಲ್ಲೊಂದು ಗಾಜಿನ ಪೆಟ್ಟಿಗೆ. ಅದರಿಂದ ಕವಣೆ ಕೋಲಿನ ಹಾಗೆ ಎರಡು ಕವಲು. ಒಂದು ಕವಲಿಗೆ ಡಾಕ್ಟರಮ್ಮ ಕೈಯಿಟ್ಟಳು, ಇನ್ನೊಂದಕ್ಕೆ ಹೊಂಬಮ್ಮ. ಪೆಟ್ಟಿಗೆಯ ಸೊಳ್ಳೆಗಳನ್ನು ಬಿಟ್ಟ ತಕ್ಷಣ ಅಷ್ಟೂ ಹೊಂಬಮ್ಮನ ಕಡೆಗೇ ನುಗ್ಗಿದವು. ಒಂದು ಮಾತ್ರ ದಾರಿ ತಪ್ಪಿ ಡಾಕ್ಟರಮ್ಮನ ಕಡೆ ಹೋಗಿ, ತಪ್ಪು ಗೊತ್ತಾಗಿ ವಾಪಸು ಬಂತು.

"ಸೊಳ್ಳೆ ಮೊದಲು ನಮ್ಮ ಉಸಿರಿನ ಜಾಡು ಹಿಡಿದು ಬರುತ್ತೆ ಹೊಂಬಮ್ಮನವರೆ," ಅಂತ ಡಾಕ್ಟರಮ್ಮ ವಿವರಿಸಿದಳು. "ಹತ್ತಿರ ಬಂದ ಮೇಲೆ ಮೈ ವಾಸನೆ ನೋಡುತ್ತೆ. ನಮ್ಮ ಚರ್ಮದ ಮೇಲೆ ಕಣ್ಣಿಗೆ ಕಾಣದ ಜೀವಾಣು ಇರ್ತವೆ, ಬೆವರು ತಿಂದು ಆ ವಾಸನೆ ಮಾಡೋದು ಅವು. ಒಬ್ಬೊಬ್ಬರದು ಒಂದೊಂದು ಥರ. ನೀವು ಸೋಪು ಪೌಡರು ಮುಟ್ಟದೆ ಇಷ್ಟು ವರ್ಷ ಇದ್ದೀರಲ್ಲ, ನಿಮ್ಮಷ್ಟು ಚೊಕ್ಕವಾದ ವಾಸನೆ ನಾನು ಎಲ್ಲೂ ಕಂಡಿಲ್ಲ."

ಹೊಂಬಮ್ಮ ಉಬ್ಬಿಹೋದಳು. ಆಮೇಲೆ ಡಾಕ್ಟರಮ್ಮ ಬೇಡಿಕೆ ಇಟ್ಟಳು. ನೀವು ಉಟ್ಟ, ಒಗೆಯದ ಸೀರೆ ಒಂದು ಬೇಕು. ಅದರ ಚೂರನ್ನು ಬೆಚ್ಚಗೆ, ತೇವವಾಗಿ ಇಟ್ಟರೆ ಆ ಜೀವಾಣುಗಳು ಬದುಕಿಕೊಂಡು ವಾಸನೆ ಬಿಡುತ್ತಲೇ ಇರುತ್ತವೆ. ಒಂದು ಕಂಬದ ಮೇಲೆ ಅದನ್ನಿಟ್ಟು, ಪಕ್ಕದಲ್ಲಿ ಬೆಲ್ಲದ ನೀರು ಹುಳಿಬರಿಸಿ ಹಗಲೂ ರಾತ್ರಿ ಉಸಿರಿನ ಗಾಳಿ ಬಿಟ್ಟರೆ ವಾಸನೆ ದೂರಕ್ಕೂ ಹರಡಿ ಊರಿನ ಸೊಳ್ಳೆಯೆಲ್ಲ ಕಂಬಕ್ಕೆ ಹೋಗುತ್ತವೆ.

"ಅದೊಂದ್ ಬ್ಯಾಡಿ ಮೇಡಂ," ಅಂದಳು ಹೊಂಬಮ್ಮ. "ಮೈ ಬೆವರು ಕುಡುದಿರೋ ಬಟ್ಟೆ. ಒಗಿಯಕ್ಕೂ ಇನ್ನೊಬ್ರ ಕೈಗೆ ಕೊಟ್ಟೋಳಲ್ಲ ನಾನು. ಕಂಬಕ್ಕೆ ನೇತಾಕ್ತೀನಿ ಅಂದ್ರೆ ಹೆಂಗೆ?"

"ಆಯ್ತು, ಬಲವಂತ ಇಲ್ಲ," ಅಂದಳು ಡಾಕ್ಟರಮ್ಮ.  ಅದಾಗಿ ಸ್ವಲ್ಪ ದಿನಕ್ಕೆ ಹೊಂಬಮ್ಮನ ಹಸಿರು ಸೀರೆ ಬಚ್ಚಲ ಗೂಟದಿಂದ ಕಾಣೆಯಾಯಿತು. ಒಲೆಯ ಕಿಡಿ ಸಿಡಿದು ಸೆರಗಿನಲ್ಲಿ ತೂತಾದಾಗ ಕೆಂಪು ನೂಲಿನಲ್ಲಿ ಅವಳೇ ನೇಯ್ದು ಮುಚ್ಚಿದ್ದ ಸೀರೆ. "ಕೋತಿ ಹೊತ್ಕೊಂಡೋಗಿರ್ಬೇಕು," ಅಂದ ಗಂಡ. ಆ ತಿಂಗಳೆಲ್ಲ ಹೊಂಬಮ್ಮ ಕಂಡ ಕೋತಿಗೆಲ್ಲ ಕಲ್ಲು ಬೀರಿದಳು.

ಈಗ ಯುಗಾದಿಗೆ ಬರೋಣ. ಹಬ್ಬದ ಮಾರನೆಯ ದಿನ ಹೋಳಿಗೆ ತಿನ್ನಲು ಬರಬೇಕಾಗಿದ್ದ ತಂಗಿ ಚಿಕ್ಕತಾಯಿ ಬರಲಿಲ್ಲ. ಹೊಂಬಮ್ಮ ತಾನೇ ಹೋಳಿಗೆ ಕಟ್ಟಿಕೊಂಡು ಹೊರಟಳು. ತಂಗಿಯನ್ನು ಕೊಟ್ಟಿದ್ದು ಬಂಡೆದೊಡ್ಡಿಗೆ. ಹಿಂದೆ ಕಲ್ಲು ಒಡೆಯಲು ಬಂದವರು ಕೆಲಸ ನಿಂತ ಮೇಲೂ ಅಲ್ಲೇ ಉಳಿದು ಕಟ್ಟಿಕೊಂಡ ಹತ್ತು ಹದಿನೈದು ಮನೆ ಅದು. ಕಲ್ಲು ತೆಗೆದ ಹಳ್ಳದಲ್ಲಿ ವರ್ಷವಿಡೀ ನೀರು. ಚಿಕ್ಕತಾಯಿಯ ಗಂಡ ಬಂಡೆಯಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ ಮೇಲೆ, ಅವಳು ಇನ್ನೊಬ್ಬರ ಹುಳುವಿಗೆ ಸೊಪ್ಪು ಹೊತ್ತು ಸಂಸಾರ ತೂಗಿಸಿದ್ದಳು. ಈ ಸಲ ಮೊದಲ ಬಾರಿಗೆ ತಾನೇ ಮೊಟ್ಟೆ ತಂದು ಹುಳು ಸಾಕಿದ್ದಳು. ಈ ಬೆಳೆ ಕೈಗೆ ಹತ್ತಿದರೆ ಮತ್ತೆ ಕೂಲಿಗೆ ಹೋಗಬೇಕಾಗಿರಲಿಲ್ಲ.

ಹೊಂಬಮ್ಮ ದೊಡ್ಡಿಯ ಬಾಯಿಗೆ ಬಂದು ನಿಂತಳು. ಹಾಡುಹಗಲು ಎಲ್ಲರ ಮನೆ ಬಾಗಿಲೂ ಮುಚ್ಚಿತ್ತು. ದನಗಳು ಹಳ್ಳದ ನೀರಿನಲ್ಲಿ ಮೂತಿಯಷ್ಟೇ ಮೇಲೆ ಬಿಟ್ಟು ಮುಳುಗಿದ್ದವು. ಗೋಣಿಚೀಲ ಹೊದ್ದ ಒಂದು ಆಕಾರ ಓಡಿಬಂತು. ಅದು ಚಿಕ್ಕತಾಯಿ. ಮುಖ ಊದಿ ಕಣ್ಣು ಸಣ್ಣಗಾಗಿದ್ದವು.

"ಅಕ್ಕ, ಬರಬ್ಯಾಡ, ಓಗು. ಎಲ್ಲಿಂದ ಬಂದ್ವೋ ಮುಂಡೇವು, ಇರುವೆ ಮುತ್ತುದಂಗೆ ಮುತ್ಕೊಂಡವೆ. ಹುಳ ನಾಕ್ನೇ ಸಲ ಪೊರೆ ಬಿಟ್ಟು ಜ್ವರ ಎದ್ದವೆ, ಇನ್ನೈದಾರು ದಿನಕ್ಕೆ ಹಣ್ಣಾಗಿ ಗೂಡು ಕಟ್ತವೆ. ಅಕ್ಕಪಕ್ಕದೋರು ಹೊಗೆ ಹಾಕ್ತೀವಿ ಅಂತ ಸೊಪ್ಪು ತಂದ್ ಗುಡ್ಡೆ ಮಾಡವ್ರೆ. ನಾನು ಕಾಲ್ ಹಿಡ್ಕೊಂಡು ನಿಲ್ಸಿವ್ನಿ. ಹೊಗೆ ಹಾಕುದ್ರೆ ಹುಳ ಹೋಯ್ತವೆ. ಹಾಕ್ದಿದ್ರೆ ನಾವ್ ಹೋಯ್ತೀವಿ."

ಹೇಳುತ್ತಾ ಹೇಳುತ್ತಾ ಅವಳ ಮಾತು ನಿಂತಿತು. ಅವಳ ಗೋಣಿಚೀಲದ ಸುತ್ತ ಇದ್ದ ಮೋಡ ಕದಲಿತು. ಅಂಗಳದ ಮೋಡವೂ, ಹಟ್ಟಿಯ ಮೋಡವೂ ಎದ್ದು, ಸಂಜೆ ಮೇವಿನಿಂದ ಬಂದ ಕರುಗಳು ತಾಯಿಯ ಕಡೆ ನುಗ್ಗುವ ಹಾಗೆ ಹೊಂಬಮ್ಮನ ಮೇಲೆ ನುಗ್ಗಿದವು. ಚಿಕ್ಕತಾಯಿ ಚೀಲ ಕೆಳಗಿಳಿಸಿ, ಖಾಲಿಯಾದ ತನ್ನ ತೋಳು ನೋಡಿಕೊಂಡು, ಅಕ್ಕನನ್ನು ನೋಡಿದಳು.

"ಅಕ್ಕ. ಇವು ನಿನ್ ಸೊಳ್ಳೆಗಳಾ?"

ಹೊಂಬಮ್ಮನಿಗೆ ಒಂದು ಗಳಿಗೆ ಖುಷಿಯೇ ಆಯಿತು, ಕಳೆದ ಕುರಿ ಸಿಕ್ಕಿದ ಹಾಗೆ. ಅಷ್ಟರಲ್ಲಿ ಹಳ್ಳದ ಅಂಚಿನಲ್ಲಿ ನಿಂತಿದ್ದ ಹೊಸ ಕಂಬ ಕಣ್ಣಿಗೆ ಬಿತ್ತು. ಮೇಲೊಂದು ತಗಡಿನ ಡಬ್ಬಿ, ಪಕ್ಕಕ್ಕೆ ಬೆಲ್ಲದ ಹುಳಿವಾಸನೆ ಬರುವ ಕ್ಯಾನು. ಕಲ್ಲು ಪೇರಿಸಿ ಹತ್ತಿ ಮುಚ್ಚಳ ತೆಗೆದಳು. ಒಳಗೆ ಒದ್ದೆ ಬಟ್ಟೆಯ ಚೂರು. ಹಸಿರು. ಮೂಲೆಯಲ್ಲಿ ಕೆಂಪು ನೂಲಿನ ನೇಯ್ಗೆ.

ಅವಳು ಕೋತಿಗಳ ಕ್ಷಮೆ ಕೇಳಿಕೊಂಡಳೋ ಇಲ್ಲವೋ ಗೊತ್ತಿಲ್ಲ. ಕಲ್ಲಿನಿಂದ ಇಳಿದು, ತಂಗಿಗೆ ಹೋಳಿಗೆ ಗಂಟು ಕೊಟ್ಟು, "ಹೊಗೆ ಹಾಕಕ್ ಬಿಡ್ಬ್ಯಾಡ, ಸಂಜೆಗೆ ಬತ್ತೀನಿ" ಅಂದವಳೇ ಗುಡ್ಡ ಹತ್ತಿದಳು. ಕಂಬದ ಚೂರು ಸೊಂಟದಲ್ಲಿತ್ತು.

ಸೊಳ್ಳೆ ಆಫೀಸಿನಲ್ಲಿ ಡಾಕ್ಟರ್ ನಳಿನಾಕ್ಷಿ ಅವಳನ್ನು ಕಂಡು ನಗುತ್ತಾ ಎದ್ದಳು. "ಬನ್ನಿ ಬನ್ನಿ. ತೊರೆಸಾಲಲ್ಲಿ ಸೊಳ್ಳೆ ಪೂರಾ ನಿಂತಿದೆ ಅಲ್ವಾ? ಎಲ್ಲಾ ನಿಮ್ಮ ಪುಣ್ಯ."

"ಸೀರೆ ಯಾರ್ ಕೊಟ್ರು ಮೇಡಂ?"

"ನಿಮ್ಮ ಯಜಮಾನರೇ ತಂದುಕೊಟ್ರಲ್ಲ. ಈಗ ಒಪ್ಪಿದ್ದಾಳೆ, ಬರೋಕೆ ನಾಚಿಕೆ ಅಂತೆ ಅಂದ್ರು." ಡಾಕ್ಟರಮ್ಮನ ನಗು ಅಲ್ಲಿಗೆ ಅರ್ಧಕ್ಕೆ ನಿಂತಿತು. "ನಿಮಗೆ ಗೊತ್ತಿರಲಿಲ್ವಾ?"

"ಕಂಬುಕ್ಕೆ ಬಂದ ಸೊಳ್ಳೆ ಆಮೇಲೇನಾಯ್ತವೆ?"

"ಮುಂದಿನ ತಿಂಗಳು ಬಲೆ ಇರೋ ಫ್ಯಾನು ಬರುತ್ತೆ, ಹಿಡಿದು ಕೊಲ್ಲುತ್ತೆ. ಅಲ್ಲೀವರೆಗೆ ಹಳ್ಳದಲ್ಲೇ ಇರ್ತವೆ. ಅಲ್ಲಿ ಹೇಗಿದ್ರೂ ಜನ ಇಲ್ಲ."

"ಬಂಡೆದೊಡ್ಡೀಲಿ ನನ್ ತಂಗಿ ಅವ್ಳೆ."

ಡಾಕ್ಟರಮ್ಮ ಗೋಡೆಯ ನಕ್ಷೆಯ ಹತ್ತಿರ ಹೋದಳು. ಬೆರಳು ತೊರೆಯ ಮೇಲೆ ಹೋಯಿತು, ಗುಡ್ಡದ ಮೇಲೆ ಹೋಯಿತು, ಕಲ್ಲುಬಂಡೆ ಅಂತ ಬರೆದಿದ್ದ ಕಡೆ ನಿಂತಿತು. ಅಲ್ಲಿ ಮನೆಯ ಗುರುತು ಒಂದೂ ಇರಲಿಲ್ಲ.

"ನಕ್ಷೇಲಿ ಇಲ್ಲ," ಅಂದಳು ಮೆಲ್ಲಗೆ. "ಆದ್ರೂ ಅನುಮಾನ ಬಂದು ನಿಮ್ಮ ಯಜಮಾನರನ್ನ ಕೇಳಿದೆ. ಅಲ್ಲಿ ಯಾರೂ ಇಲ್ಲ ಅಂದ್ರು. ಕಂಬ ನೆಡೋಕೂ ಊರವರೇ ಆಳು ಕಳಿಸಿದ್ರು. ನಾನೇ ಹೋಗಿ ನೋಡಬೇಕಿತ್ತು."

ಹೊಂಬಮ್ಮ ಸ್ವಲ್ಪ ಹೊತ್ತು ಆ ನಕ್ಷೆ ನೋಡಿದಳು. ಓದಲು ಬಾರದಿದ್ದರೂ ಖಾಲಿ ಜಾಗ ಯಾರಿಗಾದರೂ ಗೊತ್ತಾಗುತ್ತದೆ.

ಕಂಬ ಈಗಲೇ ಕೀಳಿಸುತ್ತೇನೆ ಅಂದಳು ಡಾಕ್ಟರಮ್ಮ. ಆದರೆ ಬಂದಿರುವ ಸೊಳ್ಳೆ ಒಂದೇ ದಿನಕ್ಕೆ ಚದುರುವುದಿಲ್ಲ. ಹೊಸದಾಗಿ ಬರುವುದು ನಿಲ್ಲುತ್ತದೆ, ಇರುವವು ಸ್ವಲ್ಪ ದಿನ ಅಲ್ಲೇ ರಕ್ತ ಹುಡುಕುತ್ತವೆ. ಅಷ್ಟರಲ್ಲಿ ಚಿಕ್ಕತಾಯಿಯ ಹುಳು ಹಣ್ಣಾಗುವ ಹೊತ್ತು.

"ಮಿಕ್ಕಿದ್ ಸೀರೆ ಎಲ್ಲದೆ?"

ಡಾಕ್ಟರಮ್ಮ ತಣ್ಣಗಿಡುವ ಬೀರುವಿನ ಬಾಗಿಲು ತೆಗೆದು ಅರ್ಧ ಸೀರೆಯನ್ನು ಎರಡೂ ಕೈಯಲ್ಲಿ ಕೊಟ್ಟಳು.

"ಇದ್ನ ಇನ್ಯಾರಾರ ಉಟ್ಕೊಂಡು ಕೂತ್ರೆ?"

"ಬಿಸಿ ಮೈಯಿ, ನಿಜವಾದ ಉಸಿರು, ನಿಮ್ಮ ವಾಸನೆ. ಹತ್ತಿರ ಇರೋ ಸೊಳ್ಳೆಗೆ ಕಂಬಕ್ಕಿಂತ ಹತ್ತು ಪಾಲು ಜೋರು," ಅಂದಳು ಡಾಕ್ಟರಮ್ಮ. ಆಮೇಲೆ ತಡವಾಗಿ, "ಯಾರು ಕೂರ್ತಾರೆ?" ಅಂತ ಕೇಳಿದಳು. ಹೊಂಬಮ್ಮ ಆಗಲೇ ಬಾಗಿಲು ದಾಟಿದ್ದಳು.

ಮನೆಯಲ್ಲಿ ಬೋರಲಿಂಗೇಗೌಡ ಸೊಪ್ಪು ಹೆಚ್ಚುತ್ತಿದ್ದ.

"ಹಸಿರು ಸೀರೆ ಸಿಕ್ತು ಕಣ್ರೀ."

"ಯಾವ್ದು?"

"ಕೋತಿ ಹೊತ್ಕೊಂಡೋಗಿದ್ದು."

ಕತ್ತಿ ಸೊಪ್ಪಿನ ಮೇಲೆ ನಿಂತಿತು. "ನೋಡ್ ಹೊಂಬಿ, ನಿಂಗೂ ನೆಮ್ದಿ ಆಗ್ಲಿ ಅಂತಾನೆ..."

"ನಂಗೆ ನೆಮ್ದಿ ಇಲ್ಲ ಅಂತ ಯಾರ್ ಹೇಳುದ್ರು?"

"ಊರ್ ಯಜಮಾನ್ರು ಕೆಂಚೇಗೌಡ್ರು ಎಲ್ರನ್ನೂ ಕೂರ್ಸಿ ಮಾತಾಡುದ್ರು. ನಿನ್ ಕಿವಿಗೆ ಹಾಕುದ್ರೆ ಒಪ್ಪಲ್ಲ ಅಂದ್ರು."

"ಗೌರಿಗೂ ಗೊತ್ತಾ?"

"ಎಲ್ರಿಗೂ."

ಎಲ್ಲರಿಗೂ. ಯಾರ ಯಾರ ಚಪ್ಪರದ ಮಧ್ಯೆ ಅವಳು ತೋಳು ಬಿಟ್ಟುಕೊಂಡು ಕೂತಿದ್ದಳೋ ಅಷ್ಟೂ ಜನಕ್ಕೆ. ಊರಿನ ಎಲ್ಲ ಗುಟ್ಟೂ ಗೊತ್ತಿದ್ದವಳಿಗೆ ತನ್ನ ಸೀರೆಯ ಗುಟ್ಟೊಂದು ಗೊತ್ತಿರಲಿಲ್ಲ.

"ಬಂಡೆದೊಡ್ಡೀಲಿ ಯಾರೂ ಇಲ್ಲ ಅಂದ್ರಂತೆ."

"ಅಲ್ಲಿ ಜನ ಇದ್ರೆ ಕಂಬ ನಮ್ ಸೊಪ್ಪಿನ್ ತ್ವಾಟದತ್ರ ನೆಡ್ತೀವಿ ಅಂದ್ರು ಕಣೆ. ಸೊಳ್ಳೆ ಮುತ್ಕೊಂಡ್ರೆ ಸೊಪ್ಪು ಕುಯ್ಯಕ್ ಆಳು ಬತ್ತಾರಾ? ಅದ್ಕೆ ಬಾಯ್ಗೆ ಬಂದಿದ್ ಅಂದ್ಬುಟ್ಟೆ."

"ನನ್ ತಂಗಿ ಅವ್ಳೆ ಅಲ್ಲಿ. ನಿನ್ ಮದ್ವೇಲಿ ಕಳಸ ಹಿಡ್ದೋಳು. ನೀನು ಅವಳ್ನೇ ಇಲ್ಲ ಅಂದ್ಬುಟ್ಟೆಯಲ್ಲ."

ಗಂಡನನ್ನು ಅವಳು ನೀನು ಅಂದದ್ದು ಅದೇ ಮೊದಲು. ಅದು ಇಬ್ಬರಿಗೂ ಕೇಳಿಸಿತು. ಅವಳು ಅವನ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು.

"ಒಂದ್ ನಿಜ ಹೇಳು. ಇಷ್ಟ್ ವರ್ಷ ನನ್ ಪಕ್ದಲ್ ಮಲಗ್ತಿದ್ದೆಯಲ್ಲ. ಅದು ಸೊಳ್ಳೆಗಾ?"

 ಆ ಹೊತ್ತಿಗೆ ಬೋರಲಿಂಗೇಗೌಡ ತಟ್ಟನೆ ಒಂದು ಸುಳ್ಳು ಹೇಳಿದ್ದರೂ ಅವಳು ನಂಬುತ್ತಿದ್ದಳು. ಕೋತಿಯನ್ನೇ ನಂಬಿದವಳು. ಅವನು ಸೊಪ್ಪಿನ ಕಡೆ ನೋಡಿದ.

"ಏ‍ಳು," ಅಂದಳು ಹೊಂಬಮ್ಮ. "ಹುಳ ಹಣ್ಣಾಗೋ ತಂಕ ಕೆಲ್ಸ ಅದೆ."

ಅವತ್ತು ಸಂಜೆ ಬಂಡೆದೊಡ್ಡಿಯ ಜನ ಕಂಡ ನೋಟವನ್ನು ಅವರು ಮೊಮ್ಮಕ್ಕಳಿಗೂ ಹೇಳುತ್ತಾರೆ. ತೊರೆಸಾಲಿನ ಬೋರಲಿಂಗೇಗೌಡ ಹಳ್ಳದ ಅಂಚಿನ ಬಂಡೆಯ ಮೇಲೆ ಅರ್ಧ ಹಸಿರು ಸೀರೆ ಸುತ್ತಿಕೊಂಡು ಕೂತಿದ್ದ. ಮೀಸೆಯ ಮೇಲೆ ಸೆರಗು. ಕಂಬದಲ್ಲಿದ್ದ ಚೂರನ್ನು ಚಿಕ್ಕತಾಯಿ ಅವನ ತಲೆಗೆ ರುಮಾಲು ಮಾಡಿ ಕಟ್ಟಿದ್ದಳು. "ಭಾವ, ಅಲ್ಲಾಡ್ಬ್ಯಾಡಿ, ಜಾರ್ತದೆ," ಅಂತ ಮರ್ಯಾದೆಯಾಗಿಯೇ ಹೇಳಿದಳು. ಮೊದಲು ಒಂದು ಬಂತು. ಆಮೇಲೆ ಹತ್ತು. ಆಮೇಲೆ ಬಂಡೆಯ ಮೇಲೆ ಕೂತವನು ಕಾಣಲಿಲ್ಲ, ಮನುಷ್ಯನ ಆಕಾರದ ಗುಂಯ್ ಅನ್ನುವ ಕಪ್ಪು ಮಾತ್ರ ಕಾಣುತ್ತಿತ್ತು. ದೊಡ್ಡಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಹೊಗೆಗೆ ಗುಡ್ಡೆ ಹಾಕಿದ್ದ ಸೊಪ್ಪನ್ನು ಮೇಕೆಗಳು ತಿಂದವು.

ಸಂಜೆ ಸಂಜೆಗೂ ಅವನು ಹೀಗೆ ಕೂತ.  ಅಕ್ಕತಂಗಿ ಇಬ್ಬರೂ ಹುಳುಮನೆಯ ಪರದೆ ಬಿಗಿದು ಒಳಗೆ ಸೊಪ್ಪು ಹಾಕಿದರು. ಕೊನೆಯ ಹಂತದ ಹುಳು ಎಲೆ ತಿನ್ನುವ ಸದ್ದು ದೂರದ ಮಳೆಯ ಹಾಗೆ ಕೇಳುತ್ತದೆ. ಹೊಂಬಮ್ಮ ಆ ಸದ್ದು ಕೇಳುತ್ತಾ, ಒಂದೂ ಸೊಳ್ಳೆ ಇಲ್ಲದ ತನ್ನ ತೋಳನ್ನು ಆಗಾಗ ಸವರಿಕೊಳ್ಳುತ್ತಿದ್ದಳು. ಹೊರಗಿನಿಂದ ಪಟ್, ಪಟ್ ಅಂತ ಗಂಡ ಹೊಡೆದುಕೊಳ್ಳುವುದು ಕೇಳಿಸುತ್ತಿತ್ತು. ಅವನಿಗೆ ಸೊಳ್ಳೆ ಹೊಡೆಯಲು ಬರುತ್ತದೆ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಅವಳ ತೋಳಿನ ಮೇಲೆ ಕೂತದ್ದನ್ನು ಅವನು ಒಂದು ದಿನವೂ ಹೊಡೆದವನಲ್ಲ.

ಹುಳು ಹಣ್ಣಾದವು. ಮೈ ಹಳದಿಯಾಗಿ, ತಲೆಯೆತ್ತಿ ನೂಲಲು ಜಾಗ ಹುಡುಕತೊಡಗಿದವು. ಅಕ್ಕತಂಗಿ ಅವನ್ನು ಆರಿಸಿ ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದಾಗ ದೊಡ್ಡಿಯ ಬಾಯಲ್ಲಿ ಕೆಂಚೇಗೌಡನ ಕೆಮ್ಮು ಕೇಳಿಸಿತು. ಕಂಬ ಕಿತ್ತ ಮೇಲೆ ತೊರೆಸಾಲಿನ ಗುಂಡಿಗಳಲ್ಲಿ ಹೊಸ ಸೊಳ್ಳೆ ಎದ್ದಿದ್ದವು. ಊರು ಮಂಚ ಒಳಗೆ ಎಳೆದುಕೊಂಡಿತ್ತು. ನಾಳೆ ಕೆಂಚೇಗೌಡನ ಮೊಮ್ಮಗಳ ಲಗ್ನಪತ್ರಿಕೆ.

"ಹೊಂಬಮ್ಮ ಅವ್ಳಾ?" ಅಂತ ಕೂಗಿದ, ಕುತ್ತಿಗೆಗೆ ಒಂದು ಬಾರಿಸಿಕೊಂಡು. "ಮಧ್ಯದಲ್ಲಿ ಮಣೆ ಹಾಕ್ಸಿವ್ನಿ ಅಂತ ಹೇಳಿ."

ಹುಳುಮನೆಯ ಒಳಗಿನಿಂದಲೇ ಹೊಂಬಮ್ಮ ಉತ್ತರ ಕೊಟ್ಟಳು. ಕೈಯಲ್ಲಿದ್ದ ಹುಳುವನ್ನು ಚಂದ್ರಿಕೆಯಲ್ಲಿ ಜೋಪಾನವಾಗಿ ಇಡುತ್ತಾ, ದನಿ ಏರಿಸದೆ.

"ಇಲ್ಲಿ ಯಾರೂ ಇಲ್ಲ ಗೌಡ್ರೆ."

"ಮಾತಾಡ್ತಾ ಇದೀಯಲ್ಲಮ್ಮ. ಮತ್ತೆ ಅಲ್ಲಿ ಬಂಡೆ ಮ್ಯಾಲೆ ಸೀರೆ ಉಟ್ಕೊಂಡು ಕೂತಿರೋದ್ ಯಾರು?"

"ನಕ್ಷೇಲಿ ನೋಡ್ಕೊಳಿ."

ಕೆಂಚೇಗೌಡ ಬಂದ ದಾರಿಯಲ್ಲೇ ಕೆರೆದುಕೊಳ್ಳುತ್ತಾ ಹೋದ. ಚಿಕ್ಕತಾಯಿಯ ಗೂಡು ಬಿಳಿ ಮಲ್ಲಿಗೆಯ ರಾಶಿಯ ಹಾಗೆ ಬಂತು. ಗೂಡು ಬಿಡಿಸಿದ ದಿನ ಬೋರಲಿಂಗೇಗೌಡ ಸೀರೆ ಮಡಚಿ ಹೆಂಡತಿಯ ಮುಂದಿಟ್ಟು, ಹೋಗೋಣವಾ ಅಂತ ಕಣ್ಣಲ್ಲೇ ಕೇಳಿದ. ಅವಳು ಮುಂದಿನ ಬೆಳೆಗೆ ತಟ್ಟೆ ತೊಳೆಯುತ್ತಿದ್ದಳು, ತಲೆಯೆತ್ತಲಿಲ್ಲ. ಅವನು ಒಬ್ಬನೇ ಗುಡ್ಡ ಇಳಿದ. ಆ ಮೈಗೆ ಹತ್ತಿದ ವಾಸನೆ ಮಾತ್ರ ಇನ್ನೂ ಹೋಗಿಲ್ಲವಂತೆ. ಈಗ ಚಪ್ಪರದ ಮಧ್ಯದ ಮಣೆ ಅವನಿಗೆ.

ಹೊಂಬಮ್ಮ ತಂಗಿಯ ಮನೆಯಲ್ಲೇ ಇದ್ದಾಳೆ. ನಂಬಿಕೆ ಬರದಿದ್ದರೆ ಹೋಗಿ ನೋಡಿ, ನಕ್ಷೆ ಮಾತ್ರ ಹಿಡಿದು ಹೋಗಬೇಡಿ.

ಅಂದಹಾಗೆ, ನಾವು ಕೂತಿರುವ ಈ ಜಗಲಿಯ ಹಿಂದೆಯೂ ಹುಳುಮನೆ ಇದೆ, ಬತ್ತಿ ಹಚ್ಚುವ ಹಾಗಿಲ್ಲ. ಕತೆ ಶುರುವಾದಾಗಿನಿಂದ ನೋಡುತ್ತಿದ್ದೇನೆ, ನನಗೆ ಒಂದೂ ಕಚ್ಚಿಲ್ಲ, ನೀವು ಮಾತ್ರ ಕಾಲು ಕೆರೆದುಕೊಳ್ಳುತ್ತಲೇ ಇದ್ದೀರಿ. ಒಳ್ಳೆಯ ವಾಸನೆ ನಿಮ್ಮದು. ಏಳಬೇಡಿ. ಆ ಅಂಗಿಯ ತೋಳು ಕೊಂಚ ಮೇಲಕ್ಕೆ ಮಡಚಿ, ಇನ್ನೊಂದು ಗೇಣು ನನ್ನ ಕಡೆ ಸರಿದು ಕೂತುಕೊಳ್ಳಿ.